ಸೊನ್ನೆ ಸೆಕೆಂಡಿನ ಪುಟ

ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ಜಾಣತನದಿಂದಲ್ಲ, ಮೊಣಕಾಲು ನೋವಿನಿಂದ. ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ನಾನು ಕಟಿಂಗ್ ಮೇಸ್ತ್ರಿಯಾಗಿದ್ದೆ. ಅದಕ್ಕೂ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹನ್ನೆರಡು ವರ್ಷ ಅದೇ ಕೆಲಸ ಮಾಡಿದ್ದೆ. ಕಟಿಂಗ್ ಟೇಬಲ್ಲಿನ ಮುಂದೆ ದಿನವಿಡೀ ನಿಂತೇ ಇರಬೇಕು. ಐವತ್ತು ದಾಟುವ ಹೊತ್ತಿಗೆ ಕಾಲು ಮುಷ್ಕರ ಹೂಡಿತು. ಮಾಲೀಕರಾದ ಕೊಟ್ರಬಸಪ್ಪನವರು ಒಂದು ದಿನ ಕರೆದು, "ಹನುಮಂತರಾಯಪ್ಪನೋರೆ, ಇನ್ನ ಮ್ಯಾಲೆ ಕುಂತು ಮಾಡೋ ಕೆಲ್ಸ ಮಾಡ್ರಿ. ವೆಬ್‌ಸೈಟ್ ಅಂತ ಒಂದು ಮಾಡ್ಸೀನಿ. ಅದನ್ನ ನೋಡ್ಕೊಳ್ರಿ" ಎಂದರು.

"ಅದರಾಗೆ ನೋಡೋದೇನೈತಿ ಯಜಮಾನ್ರೆ?" ಎಂದೆ.

"ಅದು ನನಗೂ ಗೊತ್ತಿಲ್ಲರಿ. ಅದಕ್ಕ ನಿಮ್ಮನ್ನ ಕರೆದೀನಿ" ಎಂದರು.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕೋರ್ಸು ಮಾಡಿಕೊಂಡು ಬರುತ್ತಾರೆ. ಸಣ್ಣ ವ್ಯಾಪಾರದವನ ವೆಬ್‌ಸೈಟಿನಲ್ಲಿ ಯಾವ ಪುಟ ಉಪಯೋಗದ್ದು, ಯಾವುದು ಜಾಗಕ್ಕೆ ಭಾರ ಎಂದು ಅನಾಲಿಟಿಕ್ಸ್ ನೋಡಿ ಹೇಳುವುದು ಅವರಿಗೆ ನೀರು ಕುಡಿದಷ್ಟು ಸಲೀಸು ಎಂದು ಕೇಳಿದ್ದೇನೆ. ನನಗೆ ಅದನ್ನು ಕಲಿಸಿದವರು ಯಾರೂ ಇಲ್ಲ. ತಪ್ಪು ಮಾಡಿಯೇ ಕಲಿತೆ. ಅದರಲ್ಲಿ ಒಂದು ತಪ್ಪಿನಿಂದ ಮಡಕಶಿರದಲ್ಲಿದ್ದ ನಮ್ಮ ಚಿಕ್ಕ ಯೂನಿಟ್ಟು ಮುಚ್ಚಿಹೋಗುವ ಹಾಗಾಯಿತು. ಅಲ್ಲಿ ಹನ್ನೊಂದು ಜನ ಹೆಂಗಸರು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಈ ಬರಹ ಮುಖ್ಯವಾಗಿ ಅದರ ಬಗ್ಗೆಯೇ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ಬಳ್ಳಾರಿಯಿಂದ ಒಬ್ಬರು ಬಂದು ವೆಬ್‌ಸೈಟ್ ಕಟ್ಟಿಕೊಟ್ಟು, ಅನಾಲಿಟಿಕ್ಸ್ ಎಂಬ ಲೆಕ್ಕದ ಪುಟವನ್ನು ತೆರೆದು ತೋರಿಸಿ ಹೋದರು. ಎಷ್ಟು ಜನ ಬಂದರು, ಯಾವ ಊರಿನಿಂದ ಬಂದರು, ಯಾವ ಪುಟ ನೋಡಿದರು, ಎಷ್ಟು ಹೊತ್ತು ನೋಡಿದರು, ಎಲ್ಲವೂ ಅಲ್ಲಿ ಕಾಣುತ್ತಿತ್ತು. ನಾನು ಅದನ್ನು ಪಂಚಾಂಗ ನೋಡಿದ ಹಾಗೆ ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಅರ್ಥವಾದದ್ದು ಅಷ್ಟಕ್ಕಷ್ಟೆ.

ಮೊದಲ ಪೆಟ್ಟು ಬಿದ್ದದ್ದು 'ನಮ್ಮ ಮನೆತನ' ಎಂಬ ಪುಟದಿಂದ. ಕೊಟ್ರಬಸಪ್ಪನವರ ತಾತ ಬಟ್ಟೆ ಗಂಟು ಹೊತ್ತು ಊರೂರು ತಿರುಗಿದ್ದು, ತಂದೆ ಅಂಗಡಿ ಇಟ್ಟಿದ್ದು, ಇವರು ಜೀನ್ಸ್ ಮಷೀನು ತಂದದ್ದು, ಎಲ್ಲವನ್ನೂ ಅವರೇ ಹೇಳಿ ನನ್ನ ಕೈಲಿ ಬರೆಸಿದ್ದರು. ಹಾರ ಹಾಕಿದ ಮೂರು ಫೋಟೋ ಬೇರೆ ಇದ್ದವು. ಎರಡು ತಿಂಗಳಾದರೂ ಆ ಪುಟ ತೆರೆದವರು ಇಬ್ಬರೇ, ಅವರು ಮತ್ತು ಅವರ ಅಳಿಯ. ನಾನು ಅದನ್ನು ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಒಂದು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಅಂಕಿ ನಿಜವೇ ಆಗಿರಬಹುದು, ಅದನ್ನು ಎಲ್ಲಿ, ಯಾರ ಮುಂದೆ ಹೇಳಬೇಕೆಂಬುದು ಬೇರೆಯದೇ ವಿದ್ಯೆ. ಆಮೇಲೆ ಅವರ ಕೋಣೆಗೆ ಹೋಗಿ, "ಯಜಮಾನ್ರೆ, ಇಷ್ಟು ದೊಡ್ಡ ವಿಷ್ಯ ಒಳಗೆಲ್ಲೋ ಮೂಲ್ಯಾಗ ಇರೋದು ಬ್ಯಾಡ. ಮೂರು ತಲೆಮಾರಿನ ಬಟ್ಟೆ ವ್ಯಾಪಾರ ಅಂತ ಮೊದಲ ಪುಟದಾಗೇ ಒಂದು ಸಾಲು ಹಾಕಾಣ" ಎಂದೆ. ಒಪ್ಪಿದರು. ಮೂರು ಫೋಟೋ ಅವರ ಕುರ್ಚಿಯ ಹಿಂದಿನ ಗೋಡೆಗೆ ವಾಪಸು ಹೋದವು.

ಅವರಿಗೆ ಆಮೇಲೆ ಹೊಳೆದದ್ದು ಬೋಣಿ. ನಮ್ಮ ಕಡೆ ಅಂಗಡಿ ತೆಗೆದ ಮೇಲೆ ಮೊದಲ ಗಿರಾಕಿಯ ಕೈ ಚೆನ್ನಾಗಿರಬೇಕು, ದಿನವೆಲ್ಲ ಅದರಂತೆಯೇ ನಡೆಯುತ್ತದೆ ಎಂಬ ನಂಬಿಕೆ. ವೆಬ್‌ಸೈಟು ಕೂಡ ಅಂಗಡಿಯೇ ಅಲ್ಲವೆ ಎಂದು ಕೇಳಿದರು ಕೊಟ್ರಬಸಪ್ಪನವರು. ಅಂದಿನಿಂದ ದಿನಾ ಬೆಳಿಗ್ಗೆ ಮಷೀನುಗಳಿಗೆ ಊದುಬತ್ತಿ ಬೆಳಗಿದ ಮೇಲೆ ಅವರು ಮೊದಲು ತಮ್ಮ ಫೋನಿನಲ್ಲಿ ಸೈಟ್ ತೆರೆಯುತ್ತಿದ್ದರು. ಆಮೇಲೆ ಹೊಲಿಯುವವರೆಲ್ಲ ತಮ್ಮ ತಮ್ಮ ಫೋನಿನಲ್ಲಿ ತೆರೆಯಬೇಕು. ಮೊದಲ ಪುಟ ಆದ ಮೇಲೆ ಜೀನ್ಸ್ ಪುಟ ನೋಡಬೇಕು. ಹಾಗೆಂದು ಅವರ ಅಪ್ಪಣೆಯಾಗಿತ್ತು.

ಜನರಿಗೆ ಅದು ಬೇಸರದ ಕೆಲಸವೇನೂ ಆಗಲಿಲ್ಲ. ಜೀನ್ಸ್ ಪುಟದ ಆಚೆಗೆ ಕಾರ್ಖಾನೆಯ ಫೋಟೋಗಳ ಪುಟವಿತ್ತು, ಅದರಲ್ಲಿ ಅವರೇ ಇದ್ದರು. ಜೀನ್ಸ್ ಪುಟ ತೆರೆದು ಫೋನನ್ನು ಮಷೀನಿನ ಪಕ್ಕ ಇಟ್ಟು, ದಾರ ಪೋಣಿಸಿಕೊಂಡು, ಪ್ಯಾಂಟಿನ ಒಂದೆರಡು ಕಾಲು ಹೊಲಿದು, ಮತ್ತೆ ಎತ್ತಿಕೊಂಡು ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ನಾನು ಅದನ್ನು ದಿನಾ ಕಣ್ಣಾರೆ ಕಾಣುತ್ತಿದ್ದೆ. ಆದರೂ ಅದನ್ನು ಲೆಕ್ಕದ ಪುಟದ ಜೊತೆ ಸೇರಿಸಿ ನೋಡುವ ಬುದ್ಧಿ ಬರಲಿಲ್ಲ.

ಈ ನಡುವೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಳತೆ ಪುಟ. ಜನ ಏನು ಟೈಪ್ ಮಾಡಿ ಹುಡುಕಿಕೊಂಡು ನಮ್ಮಲ್ಲಿಗೆ ಬರುತ್ತಾರೆ ಎಂಬುದನ್ನೂ ಆಗ ಅನಾಲಿಟಿಕ್ಸ್ ತೋರಿಸುತ್ತಿತ್ತು. ಒಳ್ಳೆಯ ಜೀನ್ಸ್ ಎಲ್ಲಿ ಸಿಗುತ್ತದೆ ಎಂದು ಕೇಳಿದವರು ಕಡಿಮೆ. ಮೂರನೇ ಕ್ಲಾಸಿನ ಹುಡುಗಿಗೆ ಲಂಗದ ಉದ್ದ ಎಷ್ಟು ಇಡಬೇಕು, ಅಂಗಿಯ ಎದೆ ಅಳತೆ ತೆಗೆಯುವುದು ಹೇಗೆ, ಇಂಥವನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಹೇಗೆಂದರೆ ಹಾಗೆ ಕೇಳುತ್ತಿದ್ದರು. ಅದಕ್ಕೆ ಉತ್ತರ ನನಗೂ ತಿಳಿಯದು. ನಾನು ಕತ್ತರಿಸಿದ್ದು ಸಾವಿರಗಟ್ಟಲೆ ಪ್ಯಾಂಟು, ಅಳತೆ ಹಿಡಿದದ್ದು ಒಂದು ಮಗುವಿಗೂ ಅಲ್ಲ. ಹಾಗಾಗಿ ಮಡಕಶಿರದ ಬಸ್ಸು ಹತ್ತಿದೆ.

ಮಡಕಶಿರದ ಯೂನಿಟ್ಟನ್ನು ನಡೆಸುತ್ತಿದ್ದವರು ಲಕ್ಷ್ಮೀದೇವಮ್ಮ. ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ, ಮುಂಚೆ ರೇಷ್ಮೆಗೂಡು ತುಂಬುತ್ತಿದ್ದ ಒಂದು ಉದ್ದನೆಯ ಶೆಡ್ಡಿನಲ್ಲಿ ಹನ್ನೊಂದು ಮಷೀನು ಹಾಕಿದ್ದರು. ನಾನೂ ಆ ಕಡೆಯವನೇ ಆದ್ದರಿಂದ ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ. ಗುಂಡಿ ಹಾಕುವುದನ್ನು ನಿಲ್ಲಿಸದೆಯೇ ಹೇಳತೊಡಗಿದರು.

"ಮಗೂನ ನಿಲ್ಸಿ ಅಳೀಬೇಡಿ ಅಂತ ಬರ್ಕಳಣ್ಣ. ಟೇಪು ಕಂಡ್ರೆ ಮಕ್ಳು ಒಟ್ಟೆ ಒಳಿಕ್ ಎಳ್ಕಂತವೆ. ಹಳೇ ಅಂಗಿ ನೆಲದ್ ಮ್ಯಾಲೆ ಹಾಸಿ ಅಳೀರಿ, ಒಂದ್ ವರ್ಸಕ್ಕೆ ಎಲ್ಡಿಂಚು ಜಾಸ್ತಿ ಮಡಿಕಳಿ ಅಂತ ಬರಿ. ತಿಳೀಲಿಲ್ಲ ಅಂದ್ರೆ ನಂಗೆ ಫೋನ್ ಮಾಡ್ಲಿ."

ಆಕೆ ಹೇಳಿದ್ದನ್ನೆಲ್ಲ ಕನ್ನಡ ತೆಲುಗು ಎರಡರಲ್ಲೂ ಬರೆದು ಹಾಕಿದೆ. ಪುಟದ ಕೊನೆಯಲ್ಲಿ ಆಕೆಯ ಫೋನ್ ನಂಬರನ್ನೂ ಹಾಕಿದೆ. ಹಾಕಿ ಮರೆತೆ.

ಒಂದು ವರ್ಷ ಕಳೆಯಿತು. ಜೀನ್ಸ್ ಪುಟದ ಅಂಕಿ ಏರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನೋಡುವವರೆಲ್ಲ ಬೆಂಗಳೂರು ಮತ್ತು ಹೈದರಾಬಾದಿನವರು ಎಂದು ಊರಿನ ಪಟ್ಟಿ ಹೇಳುತ್ತಿತ್ತು. ಕೊಟ್ರಬಸಪ್ಪನವರ ನಡಿಗೆಯೇ ಬದಲಾಯಿತು. "ನೋಡ್ರಿ, ಬೆಂಗಳೂರಾಗ ಕುಂತು ನಮ್ಮ ಪ್ಯಾಂಟ್ ನೋಡಾಕ ಹತ್ಯಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಜೀನ್ಸ್‌ಗೆ ಇನ್ನಷ್ಟು ಮಷೀನು ಬೇಕು ಎನ್ನಿಸಿತು ಅವರಿಗೆ. ಹೊಸದು ತರುವ ಮೊದಲು ಇರುವುದನ್ನೇ ಸರಿಯಾಗಿ ಬಳಸೋಣ ಎಂದುಕೊಂಡು, ಯಾವ ಪುಟ ದುಡಿಯುತ್ತಿದೆ, ಯಾವುದು ಕೂತು ಉಣ್ಣುತ್ತಿದೆ ಎಂದು ವರದಿ ಕೊಡಲು ನನಗೆ ಹೇಳಿದರು.

ನಾನು ಕೊಟ್ಟೆ. ಜೀನ್ಸ್ ಪುಟದಲ್ಲಿ ಜನ ನಿಮಿಷಗಟ್ಟಲೆ ನಿಲ್ಲುತ್ತಾರೆ ಎಂದು ಬರೆದೆ. ಯೂನಿಫಾರಂ ಅಳತೆಯ ಪುಟಕ್ಕೆ ಬಂದವರು ಬೇರೆ ಯಾವ ಪುಟವನ್ನೂ ನೋಡದೆ ಹೊರಟುಹೋಗುತ್ತಾರೆ, ಅಲ್ಲಿ ಅವರು ಇದ್ದ ಹೊತ್ತು ಸೊನ್ನೆ ಸೆಕೆಂಡು ಎಂದು ಬರೆದೆ. ಸೊನ್ನೆ ಎಂಬುದಕ್ಕೆ ಕೆಳಗೆ ಗೆರೆಯನ್ನೂ ಎಳೆದಿದ್ದೆ. ಬಂದ ಜನ ಬಾಗಿಲಲ್ಲೇ ಮುಖ ತಿರುಗಿಸಿ ಹೋಗುತ್ತಾರೆ ಎಂದರೆ ಆ ಸರಕು ಯಾರಿಗೂ ಬೇಡ ಎಂದೇ ಅರ್ಥ ಎಂದು ನನ್ನ ಅಭಿಪ್ರಾಯವನ್ನೂ ಸೇರಿಸಿದೆ. ಯಾರೂ ಕೇಳದಿದ್ದ ಅಭಿಪ್ರಾಯ ಅದು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕೊಟ್ರಬಸಪ್ಪನವರು ವರದಿ ಓದಿ, ಮಡಕಶಿರದ ಯೂನಿಟ್ ನಿಲ್ಲಿಸಿ ಮಷೀನುಗಳನ್ನು ರಾಯದುರ್ಗಕ್ಕೆ ತರುವುದು ಎಂದು ತೀರ್ಮಾನಿಸಿದರು. ಅಮಾವಾಸ್ಯೆ ಕಳೆದ ಮೇಲೆ ಲಾರಿ ಕಳಿಸುವುದೆಂದಾಯಿತು. ಯೂನಿಫಾರಂ ಆರ್ಡರುಗಳು ಹೇಗೋ ಬರುತ್ತಿದ್ದವು, ಅವು ತಮ್ಮ ತಂದೆಯ ಹೆಸರಿನ ಮೇಲೆ ಬರುತ್ತವೆ, ಎಲ್ಲಿ ಹೊಲಿದರೂ ಬರುತ್ತವೆ ಎಂದು ಅವರು ನಂಬಿದ್ದರು. ನನಗೂ ಬೇರೆ ಅನುಮಾನ ಬರಲಿಲ್ಲ. ವಿಷಯವನ್ನು ಲಕ್ಷ್ಮೀದೇವಮ್ಮನಿಗೆ ಫೋನಿನಲ್ಲಿ ತಿಳಿಸಿದವನೂ ನಾನೇ.

ಆಕೆ ಕೇಳಿದ್ದು ಒಂದೇ ಮಾತು. "ಯಾಕಣ್ಣ, ನಮ್ ಹೊಲಿಗೆ ಚೆನ್ನಾಗಿಲ್ವ?"

"ಹೊಲಿಗೆ ಚೆನ್ನಾಗೈತೆ ಕಣಮ್ಮ. ಕಂಪ್ಯೂಟರ್ ಲೆಕ್ಕದಲ್ಲಿ ಬತ್ತಿಲ್ಲ" ಎಂದೆ.

ಹತ್ತು ದಿನದ ನಂತರ ಮಷೀನುಗಳ ಪಟ್ಟಿ ಮಾಡಿ ಚೀಟಿ ಅಂಟಿಸಿ ಬರಲು ಮಡಕಶಿರಕ್ಕೆ ಹೋದೆ. ಹನ್ನೊಂದು ಮಷೀನಿನಲ್ಲಿ ಏಳರ ಮುಂದೆ ಮಾತ್ರ ಜನ ಇದ್ದರು. ಉಳಿದ ನಾಲ್ವರು ಎಲ್ಲಿ ಎಂದು ಕೇಳಿದೆ. ಸುದ್ದಿ ತಿಳಿದ ವಾರದಲ್ಲೇ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೊರಟುಹೋದರು ಎಂದರು ಲಕ್ಷ್ಮೀದೇವಮ್ಮ. ಆ ಮಾತಿನಲ್ಲಿ ದೂರು ಇರಲಿಲ್ಲ. ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಮುಚ್ಚುವ ಯೂನಿಟ್ಟಿನಲ್ಲಿ ಕೆಲಸ ಮಾಡುವುದು ಹೇಗೆ, ಮಾಡುವವರು ಯಾಕೆ ಮಾಡುತ್ತಾರೆ ಎಂದು ಕೇಳಬೇಕೆನ್ನಿಸಿತು. ಚೀಟಿ ಅಂಟಿಸಲು ಶುರುಮಾಡಿದೆ.

ಮೂರನೇ ಮಷೀನಿನ ಹತ್ತಿರ ಇದ್ದಾಗ ಆಕೆಯ ಫೋನು ರಿಂಗಾಯಿತು. ಕೈಯಲ್ಲಿ ಬಟ್ಟೆ ಇದ್ದದ್ದರಿಂದ ಸ್ಪೀಕರ್ ಹಾಕಿದರು. ರೊಳ್ಳ ಕಡೆಯ ಒಬ್ಬ ಹೆಂಗಸು. ಫೋನಿನಲ್ಲಿ ಅಳತೆ ಓದಿದೆ, ಎದೆ ಇಪ್ಪತ್ತೆಂಟು ಬಂದಿದೆ, ಅದರಲ್ಲಿ ಸಡಿಲ ಸೇರಿದೆಯೋ ಇಲ್ಲವೋ ಎಂದು ಕೇಳಿದಳು. ಲಕ್ಷ್ಮೀದೇವಮ್ಮ ವಿವರಿಸಿದರು. ಹಾಗಾದರೆ ಎರಡು ಜೊತೆ ಹೊಲಿದುಕೊಡಿ, ನಮ್ಮ ಬೀದಿಯಲ್ಲಿ ಇನ್ನೂ ಮೂರು ಮಕ್ಕಳಿವೆ, ಅವರ ತಾಯಂದಿರಿಗೂ ಹೇಳುತ್ತೇನೆ ಎಂದು ಹೇಳಿ ಫೋನ್ ಇಟ್ಟಳು.

"ಇಂಥ ಫೋನು ಯಾವಾಗಾದ್ರೂ ಬತ್ತವ?" ಎಂದು ಕೇಳಿದೆ.

"ದಿನಾ ಬತ್ತವೆ. ಮೇ ತಿಂಗ್ಳಾಗೆ ಉಣ್ಣಾಕೂ ಬಿಡಲ್ಲ."

"ಎಲ್ಲಿ ನೋಡಿ ಮಾಡ್ತಾರೆ ಅಂತ ಕೇಳಿದ್ದೀಯ?"

ಲಕ್ಷ್ಮೀದೇವಮ್ಮ ಫೋನನ್ನೇ ನನ್ನ ಕೈಗಿಟ್ಟರು. ಅದರಲ್ಲಿ ಹೆಸರುಗಳ ಪಟ್ಟಿ ತೆರೆದಿತ್ತು. ನಡೆದುಕೊಂಡು ಬಂದವರು ಯಾರು, ಫೋನಿನಲ್ಲಿ ಓದಿ ಬಂದವರು ಯಾರು ಎಂದು ತನಗೆ ಗುರುತಿರಲಿ ಎಂದು ಎರಡನೆಯವರ ಹೆಸರಿನ ಮುಂದೆಲ್ಲ 'ವೆಬ್ಬು' ಎಂದು ಸೇರಿಸಿದ್ದರು. ವೆಬ್ಬು ಅಮರಾಪುರ ಟೀಚರ್. ವೆಬ್ಬು ಗುಡಿಬಂಡೆ ಅವಳಿ ಮಕ್ಕಳು. ವೆಬ್ಬು ಪಾವಗಡ ಹೆಡ್‌ಮಾಸ್ಟರ್. ವೆಬ್ಬು ಹಿಂದೂಪುರ ದಪ್ಪ ಹುಡುಗ. ನಾನು ಬೆರಳಿನಿಂದ ಪಟ್ಟಿ ತಳ್ಳುತ್ತಾ ಹೋದೆ. ಅದು ಬೇಗ ಮುಗಿಯಲಿಲ್ಲ.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನಿನ್ ಕಂಪ್ಯೂಟರ್‌ನಾಗೆ ಎಲ್ಲ ಕಾಣ್ತದೆ ಅಂತ ನೀನೇ ಹೇಳಿದ್ದಲ್ಲಣ್ಣ."

ಆ ಹೊತ್ತಿನಲ್ಲಿ ನನಗೆ ಆದದ್ದು ಅವಮಾನವಲ್ಲ, ಭಯ. ಕೈಯಲ್ಲಿದ್ದ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು, ಅಂಟಿಸಿದ್ದ ಮೂರನ್ನೂ ಕಿತ್ತು ವಾಪಸು ಹೊರಟೆ.

ಸೊನ್ನೆ ಸೆಕೆಂಡಿನ ಗುಟ್ಟು ಏನೆಂದು ರಾಯದುರ್ಗಕ್ಕೆ ಬಂದು ಬಳ್ಳಾರಿಯವರಿಗೆ ಫೋನ್ ಮಾಡಿದಾಗ ತಿಳಿಯಿತು. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ನಮ್ಮಲ್ಲಿದ್ದ ಲೆಕ್ಕಕ್ಕೆ ಮನುಷ್ಯ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ದ ಎಂಬುದು ಕಾಣುತ್ತಿರಲಿಲ್ಲ. ಎರಡನೇ ಪುಟ ತೆರೆದರೆ, ಮೊದಲನೆಯದನ್ನು ತೆರೆದ ಹೊತ್ತಿಗೂ ಇದಕ್ಕೂ ನಡುವಿನ ಸಮಯವನ್ನು ಕಳೆದು ಹೇಳುತ್ತಿತ್ತು ಅಷ್ಟೆ. ಒಂದೇ ಪುಟ ನೋಡಿದವನು ಅರ್ಧ ಗಂಟೆ ಓದಿದ್ದರೂ ಅವನ ಹೆಸರಿಗೆ ಸೊನ್ನೆ. ನಮ್ಮ ತಾಯಂದಿರು ಪುಟ ತೆರೆದು, ಹಳೆಯ ಅಂಗಿ ಹಾಸಿ, ಓದುತ್ತಾ ಅಳೆದು, ನಂಬರು ನೋಡಿ ಫೋನ್ ಮಾಡುತ್ತಿದ್ದರು. ಬೇಕಾದ್ದೆಲ್ಲ ಅಲ್ಲೇ ಸಿಕ್ಕಿದ್ದರಿಂದ ಮುಂದಿನ ಪುಟಕ್ಕೆ ಹೋಗುವ ಗರಜು ಅವರಿಗಿರಲಿಲ್ಲ. ಪುಟ ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಅದು ಸೊನ್ನೆಯಾಗಿ ಕಂಡಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಕಾರ್ಖಾನೆಗೆ ಅಮಾವಾಸ್ಯೆ ರಜೆ. ಹಿಂದಿನ ಅಮಾವಾಸ್ಯೆಗಳ ದಿನದ ಲೆಕ್ಕ ಒಂದೊಂದಾಗಿ ತೆಗೆದು ನೋಡಿದೆ. ಆ ದಿನಗಳಲ್ಲಿ ಅಳತೆ ಪುಟಕ್ಕೆ ಎಂದಿನಂತೆ ಜನ ಬಂದಿದ್ದರು. ಜೀನ್ಸ್ ಪುಟದಲ್ಲಿ ಮಾತ್ರ ನರಪಿಳ್ಳೆಯೂ ಇರಲಿಲ್ಲ. ಅಲ್ಲಿನ ನಿಮಿಷಗಳೆಲ್ಲ ನಮ್ಮವರು ಪುಟ ತೆರೆದಿಟ್ಟು ಹೊಲಿದ ಹೊತ್ತು. ನಮ್ಮವರ ಮೊಬೈಲ್ ನೆಟ್‌ವರ್ಕು ಎಲ್ಲೆಲ್ಲಿಂದಲೋ ಸುತ್ತಿ ಬರುವುದರಿಂದ ರಾಯದುರ್ಗದಲ್ಲಿ ಕೂತವರನ್ನು ಅದು ಬೆಂಗಳೂರಿನವರು, ಹೈದರಾಬಾದಿನವರು ಎಂದು ತೋರಿಸುತ್ತದಂತೆ. ಅದನ್ನೂ ಬಳ್ಳಾರಿಯವರೇ ಹೇಳಿದರು.

ಮರುದಿನ ಬೆಳಿಗ್ಗೆ ಕೊಟ್ರಬಸಪ್ಪನವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಲಾರಿಗೆ ಹೇಳಿ ಆಗಿತ್ತು. ನನ್ನ ವರದಿ ತಪ್ಪು ಎಂದು ಹೇಳಿ, ಯಾಕೆ ತಪ್ಪು ಎಂದು ಒಂದೊಂದಾಗಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ಹಂಗಾರ ಬೆಂಗಳೂರಿನವ್ರು ಯಾರ್ರಿ?"

"ನಮ್ಮೋರೇ ರಿ. ಬೋಣಿ ಮಾಡೋರು."

"ಹೈದರಾಬಾದಿನವ್ರು?"

"ಅವ್ರೂ ನಮ್ಮೋರೇ."

"ಒಬ್ರೂ ಹೊರಗಿನವ್ರಿಲ್ಲ?"

"ಜೀನ್ಸ್‌ಗೆ ಇಲ್ಲರಿ. ಇರೋ ಹೊರಗಿನವ್ರೆಲ್ಲ ಮಡಕಶಿರಕ್ಕ ಫೋನ್ ಮಾಡ್ಯಾರ."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಲಸದಿಂದ ತೆಗೆಯುತ್ತಾರೆ ಎಂದು ನಾನು ಅಂದುಕೊಂಡೆ, ತೆಗೆದರೆ ತಪ್ಪೇನಿಲ್ಲ ಎಂದೂ ಅಂದುಕೊಂಡೆ. ತಿರುಗಿ ನಿಂತು, "ಇದನ್ನ ನೀವ ಬಂದು ಹೇಳೀರಿ, ಬ್ಯಾರೆಯವ್ರು ಹೇಳಿದ್ರ ನನಗ ಭಾಳ ಸಿಟ್ಟು ಬರ್ತಿತ್ತು. ಲಾರಿಯವಗ ಬ್ಯಾಡ ಅಂತ ಹೇಳ್ರಿ. ಮಷೀನ್ ಅಲ್ಲೇ ಇರ್ಲಿ" ಎಂದರು. ಆಮೇಲೆ ಒಂದು ಮಾತು ಸೇರಿಸಿದರು. "ಬೋಣಿ ಮಾತ್ರ ನಿಲ್ಲಿಸಬ್ಯಾಡ್ರಿ. ಅದು ಬ್ಯಾರೆ."

ಬೋಣಿ ನಿಲ್ಲಲಿಲ್ಲ. ನಮ್ಮವರ ಭೇಟಿಗಳನ್ನು ಲೆಕ್ಕದಿಂದ ಬೇರೆ ಇಡುವ ಉಪಾಯವನ್ನು ಬಳ್ಳಾರಿಯವರು ಮಾಡಿಕೊಟ್ಟರು. ಫೋನ್ ನಂಬರನ್ನು ಒತ್ತಿದರೆ ಒತ್ತಿದ್ದು ಲೆಕ್ಕಕ್ಕೆ ಬರುವ ಹಾಗೆ ಮಾಡಿದೆವು. ಅದಕ್ಕಿಂತ ಹೆಚ್ಚಾಗಿ, ತಿಂಗಳ ವರದಿ ಬರೆಯುವ ಮೊದಲು ಲಕ್ಷ್ಮೀದೇವಮ್ಮನಿಗೆ ಫೋನ್ ಮಾಡಿ ಯಾರು ಏನು ಕೇಳಿದರು ಎಂದು ತಿಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಈಚಿನ ಅನಾಲಿಟಿಕ್ಸ್ ನಮ್ಮ ಕಾಲದ್ದಕ್ಕಿಂತ ಜಾಣ ಎನ್ನುತ್ತಾರೆ, ಪುಟದ ಮುಂದೆ ಮನುಷ್ಯ ಇದ್ದಾನೋ ಇಲ್ಲವೋ ಎಂದೂ ನೋಡುತ್ತದಂತೆ. ಇರಬಹುದು. ಅದು ಏನನ್ನು ನೋಡಲಾರದು ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನಾನು ನಿವೃತ್ತನಾದ ದಿನ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಕೊಟ್ರಬಸಪ್ಪನವರು ನನಗೆ ಶಾಲು ಹೊದಿಸಿದರು. ಮಡಕಶಿರದಿಂದಲೂ ಎಲ್ಲರೂ ಬಂದಿದ್ದರು. ಆ ಹೊತ್ತಿಗೆ ಅಲ್ಲಿ ಹದಿನೈದು ಮಷೀನು ನಡೆಯುತ್ತಿತ್ತು. "ಇವತ್ತು ಮಡಕಶಿರ ಯೂನಿಟ್ ಐತಿ ಅಂದ್ರ ಅದಕ್ಕ ಹನುಮಂತರಾಯಪ್ಪನವ್ರ ಕಾರಣ" ಎಂದರು ಮೈಕಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಲಕ್ಷ್ಮೀದೇವಮ್ಮನೂ ತಟ್ಟಿದರು. ನಾನು ಮೈಕು ಹಿಡಿದು ಎಲ್ಲರಿಗೂ ವಂದನೆ ಹೇಳಿ ಕೂತೆ. ಹೇಳಬೇಕಾಗಿದ್ದದ್ದನ್ನು ಹೇಳಲಿಲ್ಲ. ಅಂದು ಹೇಳದೆ ಬಿಟ್ಟ ಹೆಸರುಗಳನ್ನು ಇಲ್ಲಿ ಬರೆಯುತ್ತೇನೆ: ನಾಗವೇಣಿ, ಶಬಾನಾ, ಹಳೆಪೇಟೆಯ ಗಂಗಮ್ಮ, ಸಣ್ಣ ತಿಮ್ಮಕ್ಕ. ನನ್ನ ಒಂದು ಸೊನ್ನೆಯನ್ನು ನಂಬಿ ಊರು ಬಿಟ್ಟವರು ಇವರು. ಯೂನಿಟ್ ಉಳಿಯಿತು ಎಂದು ಹೇಳಿಕಳಿಸಿದಾಗ ಅವರೆಲ್ಲ ಬೆಂಗಳೂರಿನಲ್ಲಿ ಕೆಲಸ ಹಿಡಿದು, ಬಾಡಿಗೆ ಮನೆ ಮಾಡಿ, ಹಿಂದಿರುಗಲಾಗದಷ್ಟು ಮುಂದೆ ಹೋಗಿದ್ದರು.

ಊಟಕ್ಕೆ ಲಕ್ಷ್ಮೀದೇವಮ್ಮನ ಪಕ್ಕದಲ್ಲೇ ಕೂತೆ. ಆ ನಾಲ್ವರ ಸುದ್ದಿ ಏನಾದರೂ ಗೊತ್ತೆ ಎಂದು ಕೇಳಿದೆ.

"ಸಣ್ಣ ತಿಮ್ಮಕ್ಕ ಮೊನ್ನೆ ಫೋನ್ ಮಾಡಿದ್ಲಣ್ಣ. ಮಗ್ಳು ಊರ್ನಾಗೇ ಅವ್ರಜ್ಜಿ ತಾವ ಅವ್ಳಲ್ಲ, ಅವ್ಳಿಗೆ ಯೂನಿಫಾರಂ ಬೇಕಂತೆ. ಅಳತೆ ಯೋಳು ಅಂದೆ. ನಾನು ನೋಡಿ ಎಂಟು ತಿಂಗ್ಳಾತು, ನೀನೇ ಓಗಿ ತಗಂಡು ಬಾರಕ್ಕ ಅಂದ್ಲು."

"ಹೋಗಿದ್ದಾ?"

"ಓಗಿದ್ದೆ. ಮೂರಿಂಚು ಬೆಳ್ದವ್ಳೆ."

"ಅವಳಿಗೆ ಹೇಳಿದ್ಯಾ?"

"ಹೇಳ್ದೆ. ಲೈನ್ ಕಟ್ಟಾತೇನೋ ಅಂದ್ಕಂಡೆ, ಇಲ್ಲ, ಅತ್ತಾಗೆ ಮಷೀನು ಸದ್ದು ಕೇಳ್ತಿತ್ತು."

ಬಡಿಸುವವರು ಪಾಯಸ ತಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದೆ.